ಮದುವೆ ಛಾಯಾಗ್ರಹಣಕ್ಕೆ ಫ್ಲ್ಯಾಷ್ ಆಯ್ಕೆ: ಗ್ರಾಮ ಪಂಚಾಯಿತಿ ಸದಸ್ಯರಿಗೆ ಅಧ್ಯಯನ ಪಾಠ

1. ಪಾಠದ ಉದ್ದೇಶ

ಗ್ರಾಮೀಣ ಯುವಜನರು ಆಯ್ದುಕೊಳ್ಳುವ ಸ್ವ ಉದ್ಯೋಗಗಳಲ್ಲಿ ಮದುವೆ, ಗೃಹಪ್ರವೇಶ, ನಾಮಕರಣ ಮುಂತಾದ ಶುಭ ಸಮಾರಂಭಗಳ ಛಾಯಾಗ್ರಹಣವೂ ಒಂದು. ಇಂತಹ ಉದ್ಯೋಗವನ್ನು ಆರಂಭಿಸುವವರು ಬ್ಯಾಂಕ್ ಸಾಲಕ್ಕಾಗಿ, ತರಬೇತಿಯ ಮಾಹಿತಿಗಾಗಿ ಅಥವಾ ಸಾಮಾನ್ಯ ಸಲಹೆಗಾಗಿ ತಮ್ಮ ವಾರ್ಡಿನ ಸದಸ್ಯರನ್ನು ಮೊದಲು ಕಾಣುತ್ತಾರೆ. ಅವರು ತರುವ ದರಪಟ್ಟಿಯಲ್ಲಿ ಕ್ಯಾಮೆರಾ ಮತ್ತು ಲೆನ್ಸ್‌ಗಳ ವಿವರ ಸಾಮಾನ್ಯವಾಗಿ ವಿಸ್ತಾರವಾಗಿರುತ್ತದೆ. ಫ್ಲ್ಯಾಷ್ ಮಾತ್ರ ಪಟ್ಟಿಯ ಕೊನೆಯಲ್ಲಿ, ಉಳಿದ ಹಣಕ್ಕೆ ಬರುವ ವಸ್ತುವಾಗಿ ಸೇರಿರುತ್ತದೆ.

ಈ ಕ್ರಮ ಸರಿಯಲ್ಲ. ಮದುವೆಯ ಮುಖ್ಯ ವಿಧಿಗಳು ಬಹುಮಟ್ಟಿಗೆ ಚಪ್ಪರದ ನೆರಳಿನಲ್ಲಿ, ಭವನದ ಒಳಗೆ ಅಥವಾ ರಾತ್ರಿಯ ವೇಳೆಯಲ್ಲಿ ನಡೆಯುತ್ತವೆ. ಮಾಂಗಲ್ಯಧಾರಣೆ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ. ಛಾಯಾಗ್ರಾಹಕನ ಸಲುವಾಗಿ ಅದನ್ನು ಎರಡನೆಯ ಬಾರಿ ನಡೆಸುವಂತಿಲ್ಲ. ಆ ಕ್ಷಣದಲ್ಲಿ ಫ್ಲ್ಯಾಷ್ ಬೆಳಗದಿದ್ದರೆ ವರ್ಷಗಟ್ಟಲೆ ಉಳಿತಾಯ ಮಾಡಿ ಮದುವೆ ಮಾಡಿದ ಕುಟುಂಬಕ್ಕೆ ಕಪ್ಪು ಚಿತ್ರವಷ್ಟೇ ಉಳಿಯುತ್ತದೆ. ಛಾಯಾಗ್ರಾಹಕನ ಮೇಲಿನ ನಂಬಿಕೆ ಕುಂದುತ್ತದೆ, ಮುಂದಿನ ಕೆಲಸಗಳು ಕೈತಪ್ಪುತ್ತವೆ. ಸಾಲದ ಕಂತು ಮಾತ್ರ ತಿಂಗಳು ತಿಂಗಳು ಕಟ್ಟಲೇಬೇಕಾಗುತ್ತದೆ.

ಸದಸ್ಯರು ಛಾಯಾಗ್ರಾಹಕರಾಗಬೇಕೆಂಬುದು ಈ ಪಾಠದ ಉದ್ದೇಶವಲ್ಲ. ಸಲಹೆ ಕೇಳಿ ಬಂದವರಿಗೆ ಸರಿಯಾದ ನಾಲ್ಕು ಪ್ರಶ್ನೆಗಳನ್ನು ಕೇಳುವಷ್ಟು ತಿಳಿವಳಿಕೆ ಸದಸ್ಯರಲ್ಲಿರಬೇಕು. ಸಮುದಾಯ ಭವನದ ವಿಷಯದಲ್ಲಿ ಪಂಚಾಯಿತಿಯೇ ಕೈಗೊಳ್ಳಬಹುದಾದ ಕ್ರಮಗಳೂ ಕೆಲವು ಇವೆ. ಪಾಠದ ಮುಖ್ಯ ಅಂಶವನ್ನು ಹೀಗೆ ಹೇಳಬಹುದು: ಪೆಟ್ಟಿಗೆಯ ಮೇಲೆ ಮುದ್ರಿತವಾದ ಗರಿಷ್ಠ ಶಕ್ತಿಯನ್ನು ನೋಡಿ ಫ್ಲ್ಯಾಷ್ ಕೊಳ್ಳಬಾರದು, ತಾನು ಕೆಲಸ ಮಾಡುವ ಸ್ಥಳಗಳಲ್ಲಿ ಕಾಲು ಭಾಗ ಶಕ್ತಿಯಿಂದಲೇ ಸಾಕಷ್ಟು ಬೆಳಕು ನೀಡುವ, ಒಂದರ ಹಿಂದೊಂದು ತಡವಿಲ್ಲದೆ ಬೆಳಗುವ ಫ್ಲ್ಯಾಷ್ ಕೊಳ್ಳಬೇಕು.

2. ಫ್ಲ್ಯಾಷ್ ಕೆಲಸ ಮಾಡುವ ಬಗೆ

ಫ್ಲ್ಯಾಷ್ ಒಳಗೆ ಬ್ಯಾಟರಿ, ಕೆಪಾಸಿಟರ್ ಮತ್ತು ಕ್ಸೆನಾನ್ ಅನಿಲ ತುಂಬಿದ ಗಾಜಿನ ಕೊಳವೆ ಎಂಬ ಮೂರು ಮುಖ್ಯ ಭಾಗಗಳಿರುತ್ತವೆ. ಬ್ಯಾಟರಿಯ ಅಲ್ಪ ವೋಲ್ಟೇಜನ್ನು ಸುಮಾರು 300 ವೋಲ್ಟ್‌ಗೆ ಏರಿಸಿ ಕೆಪಾಸಿಟರಿನಲ್ಲಿ ಸಂಗ್ರಹಿಸಲಾಗುತ್ತದೆ. ಗುಂಡಿ ಒತ್ತಿದಾಗ ಈ ಸಂಗ್ರಹವು ಕೊಳವೆಯ ಮೂಲಕ ಒಮ್ಮೆಲೇ ಹರಿದು ತೀಕ್ಷ್ಣವಾದ ಬೆಳಕಾಗುತ್ತದೆ. ತೊಟ್ಟಿ ತುಂಬಿಸಿ ಒಮ್ಮೆಗೇ ತೂಬು ತೆರೆದಂತೆ ಇದನ್ನು ಭಾವಿಸಬಹುದು. ತೊಟ್ಟಿ ಪುನಃ ತುಂಬುವವರೆಗೆ ಮುಂದಿನ ಬೆಳಕು ದೊರೆಯುವುದಿಲ್ಲ. ಈ ಅವಧಿಗೆ ರಿಸೈಕಲ್ ಸಮಯ ಎನ್ನುತ್ತಾರೆ.

ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಹೆರಾಲ್ಡ್ ಎಡ್ಗರ್ಟನ್ ಅವರು 1930ರ ದಶಕದಲ್ಲಿ ಈ ವಿಧಾನವನ್ನು ಛಾಯಾಗ್ರಹಣಕ್ಕೆ ಅಳವಡಿಸಿ ಬೆಳೆಸಿದರು. ಅದಕ್ಕೂ ಮೊದಲು ಮೆಗ್ನೀಸಿಯಂ ಪುಡಿಯನ್ನು ಉರಿಸಿ ಬೆಳಕು ಪಡೆಯುವ ಪದ್ಧತಿ ಇತ್ತು. ಇಂದಿನ ಫ್ಲ್ಯಾಷ್‌ನ ಬೆಳಕು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಅಥವಾ ಅದಕ್ಕಿಂತಲೂ ಕಡಿಮೆ ಕಾಲ ಇರುತ್ತದೆ. ಆದುದರಿಂದಲೇ ಗಾಳಿಯಲ್ಲಿ ಹಾರುತ್ತಿರುವ ಅಕ್ಷತೆಯ ಕಾಳುಗಳೂ ಚಿತ್ರದಲ್ಲಿ ನಿಂತಂತೆ ಕಾಣುತ್ತವೆ. ಮೊಬೈಲ್ ದೂರವಾಣಿಯ ಎಲ್‌ಇಡಿ ದೀಪಕ್ಕೆ ಈ ಸಾಮರ್ಥ್ಯವಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ದಾಖಲಿಸುವುದು ಅಗತ್ಯ. ಬ್ಯಾಟರಿ ತೆಗೆದ ನಂತರವೂ ಕೆಪಾಸಿಟರಿನಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು. ಕೆಟ್ಟ ಫ್ಲ್ಯಾಷ್ ಅನ್ನು ಮನೆಯಲ್ಲಿ ಬಿಚ್ಚಬಾರದು, ದುರಸ್ತಿ ತಿಳಿದವರಿಗೇ ಒಪ್ಪಿಸಬೇಕು.

3. ಶಕ್ತಿಯ ಲೆಕ್ಕ

ಫ್ಲ್ಯಾಷ್‌ನ ಬೆಳಕು ದೂರ ಹೋದಂತೆ ಬೇಗನೆ ಕ್ಷೀಣಿಸುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಮೂರು ಪಟ್ಟಾದರೆ ಒಂಬತ್ತನೆಯ ಒಂದು ಭಾಗಕ್ಕೆ. ವೇದಿಕೆಯ ಮೇಲಿನ ವಧೂವರರು ಬೆಳ್ಳಗೆ ಕಂಡು, ಹಿಂದೆ ನಿಂತ ಅಜ್ಜ ಅಜ್ಜಿ ಕತ್ತಲಲ್ಲಿ ಮುಳುಗುವುದಕ್ಕೆ ಇದೇ ಕಾರಣ.

ಫ್ಲ್ಯಾಷ್‌ನ ಶಕ್ತಿಯನ್ನು ಗೈಡ್ ನಂಬರ್ ಎಂಬ ಸಂಖ್ಯೆಯಿಂದ ಸೂಚಿಸಲಾಗುತ್ತದೆ. ಐಎಸ್‌ಒ 100ರಲ್ಲಿ ಈ ಸಂಖ್ಯೆಯನ್ನು ಲೆನ್ಸಿನ ಅಪರ್ಚರ್ ಸಂಖ್ಯೆಯಿಂದ ಭಾಗಿಸಿದರೆ ಪೂರ್ಣ ಶಕ್ತಿಯ ಬೆಳಕು ಎಷ್ಟು ಮೀಟರ್ ದೂರ ಸಾಕಾಗುತ್ತದೆ ಎಂಬುದು ತಿಳಿಯುತ್ತದೆ.

ಇಲ್ಲಿ ಗ್ರಾಹಕರು ಗಮನಿಸಬೇಕಾದ ವಿಷಯವೊಂದಿದೆ. ಪೆಟ್ಟಿಗೆಯ ಮೇಲೆ 58 ಅಥವಾ 60 ಎಂದು ಮುದ್ರಿತವಾಗಿರುವ ಸಂಖ್ಯೆ, ಫ್ಲ್ಯಾಷ್‌ನ ತಲೆಯು ಬೆಳಕನ್ನು ಅತ್ಯಂತ ಕಿರಿದಾದ ಕೋನಕ್ಕೆ ಕೂಡಿಸಿದಾಗ, ಅಂದರೆ 105 ಅಥವಾ 200 ಮಿ.ಮೀ. ಲೆನ್ಸಿಗೆ ಹೊಂದಿಸಿದಾಗ ದೊರೆಯುವಂಥದ್ದು. ಮದುವೆಯ ಗುಂಪು ಚಿತ್ರಗಳನ್ನು ತೆಗೆಯುವುದು 35 ಮಿ.ಮೀ. ಆಸುಪಾಸಿನ ಅಗಲದ ಲೆನ್ಸಿನಲ್ಲಿ. ಆ ಸ್ಥಿತಿಯಲ್ಲಿ ಇದೇ ದರ್ಜೆಯ ಫ್ಲ್ಯಾಷ್‌ನ ಗೈಡ್ ನಂಬರ್ ಸುಮಾರು 36ಕ್ಕೆ ಇಳಿಯುತ್ತದೆ. ಆದುದರಿಂದ ಎರಡು ಮಾದರಿಗಳನ್ನು ಹೋಲಿಸುವಾಗ ಎರಡಕ್ಕೂ 35 ಮಿ.ಮೀ.ನಲ್ಲಿ ಎಷ್ಟು ಎಂದು ಕೇಳಬೇಕು. ಬಳಕೆದಾರರ ಕೈಪಿಡಿಯ ಕೋಷ್ಟಕದಲ್ಲಿ ಈ ವಿವರ ಇರುತ್ತದೆ.

ಲೆಕ್ಕದ ಉದಾಹರಣೆ: ಗೈಡ್ ನಂಬರ್ 36, ಅಪರ್ಚರ್ ಎಫ್/5.6, ಐಎಸ್‌ಒ 100 ಇದ್ದಾಗ 36 ÷ 5.6 = ಸುಮಾರು 6.4 ಮೀಟರ್, ಅಂದರೆ 21 ಅಡಿ. ಐಎಸ್‌ಒ 400ಕ್ಕೆ ಏರಿಸಿದರೆ ಗೈಡ್ ನಂಬರ್ ಎರಡು ಪಟ್ಟಾಗುತ್ತದೆ. ಐಎಸ್‌ಒ 800ರಲ್ಲಿ ಅದು ಸುಮಾರು 102 ಆಗುತ್ತದೆ. ಎಫ್/4ರಲ್ಲಿ ಸುಮಾರು 25 ಮೀಟರ್ ತಲುಪುತ್ತದೆ. ಶಕ್ತಿಯನ್ನು ಕಾಲು ಭಾಗಕ್ಕೆ ಇಳಿಸಿದರೆ ತಲುಪುವ ದೂರ ಅರ್ಧವಾಗುತ್ತದೆ, ಅಂದರೆ ಸುಮಾರು 12.7 ಮೀಟರ್. ಇಂದಿನ ಕ್ಯಾಮೆರಾಗಳಲ್ಲಿ ಐಎಸ್‌ಒ 800ರ ಚಿತ್ರಗಳು ಆಲ್ಬಮ್ ಮುದ್ರಣಕ್ಕೆ ಸಾಕಷ್ಟು ಸ್ವಚ್ಛವಾಗಿರುತ್ತವೆ. ಹೀಗಾಗಿ ಅತಿ ಹೆಚ್ಚು ಶಕ್ತಿಯ, ಅತಿ ದುಬಾರಿಯ ಫ್ಲ್ಯಾಷ್ ಎಲ್ಲರಿಗೂ ಅಗತ್ಯವಿಲ್ಲ.

4. ಸ್ಥಳಕ್ಕೆ ತಕ್ಕ ಅಗತ್ಯ

ಗ್ರಾಮೀಣ ಮದುವೆಗಳು ನಡೆಯುವ ಸ್ಥಳಗಳನ್ನು ನಾಲ್ಕು ವಿಧವಾಗಿ ವಿಂಗಡಿಸಬಹುದು. ಯಾವ ಬಗೆಯ ಸ್ಥಳದಲ್ಲಿ ಹೆಚ್ಚಿನ ಕೆಲಸ ದೊರೆಯುತ್ತದೆ ಎಂಬುದನ್ನು ತಿಳಿದ ಮೇಲೆಯೇ ಫ್ಲ್ಯಾಷ್ ಆಯ್ಕೆಗೆ ತೊಡಗಬೇಕು.

(ಅ) ಸಮುದಾಯ ಭವನ ಮತ್ತು ತಗ್ಗಿನ ಛಾವಣಿಯ ಸಭಾಂಗಣ. ಇಲ್ಲಿ ಫ್ಲ್ಯಾಷ್‌ನ ತಲೆಯನ್ನು ಮೇಲಕ್ಕೆ ತಿರುಗಿಸಿ ಛಾವಣಿಗೆ ಬೆಳಕು ಹಾಯಿಸುವುದು ಉತ್ತಮ ವಿಧಾನ. ಇದಕ್ಕೆ ಬೌನ್ಸ್ ಎನ್ನುತ್ತಾರೆ. ಬೆಳಕು ಇಡೀ ಛಾವಣಿಯಿಂದ ಹರಡಿ ಮೃದುವಾಗಿ ಇಳಿಯುವುದರಿಂದ ಮುಖದ ಮೇಲಿನ ಬೆವರು, ರೇಷ್ಮೆ ಸೀರೆಯ ಜರಿ, ಚಿನ್ನದ ಒಡವೆಗಳು ಕಣ್ಣು ಕುಕ್ಕುವಂತೆ ಹೊಳೆಯುವುದಿಲ್ಲ. ಹಿಂದಿನ ಗೋಡೆಯ ಮೇಲೆ ಕಪ್ಪು ನೆರಳೂ ಬೀಳುವುದಿಲ್ಲ.

ಇದರ ಲೆಕ್ಕ ಹೀಗಿದೆ. ಛಾವಣಿ 12 ಅಡಿ, ಅಂದರೆ ಸುಮಾರು 3.6 ಮೀಟರ್ ಎತ್ತರದಲ್ಲಿದೆ. ಕ್ಯಾಮೆರಾ ನೆಲದಿಂದ 1.5 ಮೀಟರ್ ಎತ್ತರದಲ್ಲಿದೆ. ವಧೂವರರು 4 ಮೀಟರ್ ದೂರದಲ್ಲಿದ್ದಾರೆ ಎಂದು ಭಾವಿಸೋಣ. ಛಾವಣಿಗೆ ತಾಗಿ ಮುಖಕ್ಕೆ ಬರುವ ಬೆಳಕು ಒಟ್ಟು ಸುಮಾರು 5.8 ಮೀಟರ್ ಕ್ರಮಿಸುತ್ತದೆ. ಛಾವಣಿ ಹೀರಿಕೊಳ್ಳುವ ಮತ್ತು ಚದುರಿಸುವ ಬೆಳಕಿನ ನಷ್ಟವನ್ನು ಸೇರಿಸಲು ಈ ದೂರವನ್ನು ಎರಡು ಪಟ್ಟು ಮಾಡಿಕೊಳ್ಳಬೇಕು. ಆಗ 11.6 ಮೀಟರ್ ಆಗುತ್ತದೆ. ಐಎಸ್‌ಒ 800, ಎಫ್/4ರಲ್ಲಿ ಕಾಲು ಶಕ್ತಿ ತಲುಪುವ ದೂರ 12.7 ಮೀಟರ್ ಎಂದು ಮೇಲೆ ಕಂಡಿದ್ದೇವೆ. ಅಂದರೆ ಮಧ್ಯಮ ದರ್ಜೆಯ ಫ್ಲ್ಯಾಷ್ ಇಲ್ಲಿ ಕಾಲು ಶಕ್ತಿಯಲ್ಲಿಯೇ ಸಾಕಾಗುತ್ತದೆ.

(ಆ) ಎತ್ತರದ ಛಾವಣಿಯ ಕಲ್ಯಾಣ ಮಂಟಪ. ಛಾವಣಿ 30 ಅಡಿ ಇದ್ದಲ್ಲಿ ಇದೇ ಲೆಕ್ಕದಂತೆ ಬೆಳಕು ಸುಮಾರು 15.5 ಮೀಟರ್ ಕ್ರಮಿಸಬೇಕು. ನಷ್ಟ ಸೇರಿ 31 ಮೀಟರ್. ಅದೇ ಫ್ಲ್ಯಾಷ್ ಪೂರ್ಣ ಶಕ್ತಿಯಲ್ಲಿಯೂ 25 ಮೀಟರ್ ಮಾತ್ರ ತಲುಪುವುದರಿಂದ ಛಾವಣಿಯ ಬೌನ್ಸ್ ಇಲ್ಲಿ ಫಲಿಸುವುದಿಲ್ಲ. ಇಲ್ಲಿ ದುಬಾರಿಯ ಒಂದೇ ಫ್ಲ್ಯಾಷ್‌ಗಿಂತ ಸಾಧಾರಣ ಬೆಲೆಯ ಎರಡು ಫ್ಲ್ಯಾಷ್‌ಗಳು ಹೆಚ್ಚು ಉಪಯುಕ್ತ. ಎರಡನೆಯದನ್ನು ಸ್ಟ್ಯಾಂಡಿನ ಮೇಲೆ ವೇದಿಕೆಯ ಪಕ್ಕದಲ್ಲಿರಿಸಿ, ಬಿಳಿ ಛತ್ರಿಯ ಮೂಲಕ ಬೆಳಕು ಬೀಳುವಂತೆ ಮಾಡಿ, ಕ್ಯಾಮೆರಾದಿಂದ ರೇಡಿಯೊ ಟ್ರಿಗರ್ ಮೂಲಕ ಬೆಳಗಿಸಬಹುದು. ತಂತಿಯ ಅಗತ್ಯವಿಲ್ಲ. ಮಕ್ಕಳು ಓಡಾಡುವ ಸ್ಥಳವಾದ್ದರಿಂದ ಸ್ಟ್ಯಾಂಡಿನ ಕಾಲಿಗೆ ಮರಳು ಚೀಲ ಕಟ್ಟುವುದು ಕಡ್ಡಾಯವೆಂದು ಭಾವಿಸತಕ್ಕದ್ದು.

(ಇ) ಮನೆಯ ಮುಂದಿನ ಚಪ್ಪರ. ತೆಂಗಿನ ಗರಿಯ ಚಪ್ಪರದ ಕೆಳಗೆ ಬೆಳಕನ್ನು ಹಿಂದಿರುಗಿಸುವ ಮೇಲ್ಮೈ ಇರುವುದಿಲ್ಲ. ಕೆಂಪು ಅಥವಾ ಹಳದಿ ಬಟ್ಟೆಯ ಶಾಮಿಯಾನಕ್ಕೆ ಬೆಳಕು ಹಾಯಿಸಿದರೆ ಎಲ್ಲರ ಮುಖವೂ ಆ ಬಣ್ಣಕ್ಕೆ ತಿರುಗುತ್ತದೆ. ಹಗಲಿನಲ್ಲಿ ಇನ್ನೊಂದು ತೊಂದರೆಯಿದೆ: ಚಪ್ಪರದ ಹೊರಗೆ ಪ್ರಖರ ಬಿಸಿಲು, ಒಳಗೆ ನೆರಳು. ಹೊರಗಿನ ಬಿಸಿಲಿಗೆ ಐಎಸ್‌ಒ 100, ಸೆಕೆಂಡಿನ 200ರ ಒಂದು ಭಾಗದ ಶಟರ್ ವೇಗ, ಎಫ್/11 ಎಂದು ಹೊಂದಿಸಿದರೆ ಗೈಡ್ ನಂಬರ್ 36ರ ಫ್ಲ್ಯಾಷ್ ಪೂರ್ಣ ಶಕ್ತಿಯಲ್ಲಿ ಸುಮಾರು 3.3 ಮೀಟರ್, ಅಂದರೆ 11 ಅಡಿಗೆ ಮಾತ್ರ ಸಾಕಾಗುತ್ತದೆ. ಆದುದರಿಂದ ಹಗಲಿನ ಚಪ್ಪರದಲ್ಲಿ ಛಾಯಾಗ್ರಾಹಕ ಹತ್ತಿರ ನಿಲ್ಲಬೇಕು ಅಥವಾ ಬಿಸಿಲು ಹಿಂದೆ ಬಾರದಂತಹ ದಿಕ್ಕನ್ನು ಆರಿಸಿಕೊಳ್ಳಬೇಕು. ಹೋಮದ ಹೊಗೆ ಕವಿದಾಗ ನೇರ ಫ್ಲ್ಯಾಷ್ ಬಳಸಿದರೆ ಹೊಗೆಯೇ ಬೆಳ್ಳಗೆ ಬೆಳಗಿ ಮುಖಗಳು ಮಸುಕಾಗುತ್ತವೆ. ಪಕ್ಕದಿಂದ ಬೆಳಕು ಬೀಳುವಂತೆ ಮಾಡುವುದು ಇದಕ್ಕೆ ಪರಿಹಾರ.

(ಈ) ಬಯಲಿನಲ್ಲಿ ರಾತ್ರಿಯ ಆರತಕ್ಷತೆ. ಇಲ್ಲಿ ಛಾವಣಿಯೂ ಇಲ್ಲ, ಗೋಡೆಯೂ ಇಲ್ಲ. ಫ್ಲ್ಯಾಷ್ ತಲೆಗೆ ಸಣ್ಣ ಬಿಳಿ ಹಲಗೆ ಅಥವಾ ಡಿಫ್ಯೂಸರ್ ಅಳವಡಿಸಿ ಹತ್ತಿರದಿಂದ ಬಳಸಬೇಕು. ಮೇಲೆ ಹೇಳಿದ ಎರಡನೆಯ ಫ್ಲ್ಯಾಷ್ ಇದ್ದರೆ ಹಿನ್ನೆಲೆಯ ಕತ್ತಲೆ ತಗ್ಗುತ್ತದೆ. ಅಲಂಕಾರದ ಹಳದಿ ದೀಪಗಳ ಬೆಳಕಿಗೂ ಫ್ಲ್ಯಾಷ್‌ನ ಬಿಳಿ ಬೆಳಕಿಗೂ ಬಣ್ಣದ ವ್ಯತ್ಯಾಸವಿರುತ್ತದೆ. ಫ್ಲ್ಯಾಷ್ ಮುಂದೆ ತೆಳು ಕಿತ್ತಳೆ ಬಣ್ಣದ ಹಾಳೆ ಹಾಕಿ, ಕ್ಯಾಮೆರಾವನ್ನು ಹಳದಿ ದೀಪಕ್ಕೆ ಹೊಂದಿಸಿದರೆ ಎರಡೂ ಸರಿಹೋಗುತ್ತವೆ. ಈ ಹಾಳೆಗಳ ಬೆಲೆ ಅತ್ಯಲ್ಪ.

5. ರಿಸೈಕಲ್ ಸಮಯ ಮತ್ತು ಬ್ಯಾಟರಿ

ಮದುವೆಯ ಕೆಲಸದಲ್ಲಿ ಫ್ಲ್ಯಾಷ್‌ನ ನಿಜವಾದ ಪರೀಕ್ಷೆ ನಡೆಯುವುದು ಈ ವಿಷಯದಲ್ಲಿ. ನಾಲ್ಕು ಎಎ ಗಾತ್ರದ ಸೆಲ್‌ಗಳಿಂದ ನಡೆಯುವ ಫ್ಲ್ಯಾಷ್ ಪೂರ್ಣ ಶಕ್ತಿಯಲ್ಲಿ ಬೆಳಗಿದ ಮೇಲೆ ಪುನಃ ಸಿದ್ಧವಾಗಲು, ಸೆಲ್‌ಗಳು ಹೊಸತಾಗಿದ್ದರೂ, ಎರಡರಿಂದ ಮೂರು ಸೆಕೆಂಡು ತೆಗೆದುಕೊಳ್ಳುತ್ತದೆ. ಸೆಲ್ ದುರ್ಬಲವಾದಂತೆ ಈ ಅವಧಿ ಹೆಚ್ಚುತ್ತದೆ. ಗಟ್ಟಿಮೇಳ ಮೊಳಗಿ, ವರನು ಮೂರು ಗಂಟು ಹಾಕಿ, ಅಕ್ಷತೆ ಬೀಳುವಷ್ಟರಲ್ಲಿ ಇಂತಹ ಫ್ಲ್ಯಾಷ್ ಕೆಲವೇ ಬಾರಿ ಬೆಳಗಬಲ್ಲದು. ಅವಸರದಲ್ಲಿ ನಡುವೆ ಒತ್ತಿದ ಚಿತ್ರಗಳು ಕಪ್ಪಾಗುತ್ತವೆ.

ಅದೇ ಫ್ಲ್ಯಾಷ್ ಅನ್ನು ಕಾಲು ಶಕ್ತಿಯಲ್ಲಿ ಬಳಸಿದರೆ ರಿಸೈಕಲ್ ಸಮಯ ಒಂದು ಸೆಕೆಂಡಿಗಿಂತ ಕಡಿಮೆಯಾಗುತ್ತದೆ. ಬ್ಯಾಟರಿ ನೀಡುವ ಬೆಳಕುಗಳ ಸಂಖ್ಯೆಯೂ ಸರಿಸುಮಾರು ನಾಲ್ಕು ಪಟ್ಟಾಗುತ್ತದೆ. ಒಂದು ಜೊತೆ ಉತ್ತಮ ಸೆಲ್‌ಗಳಿಂದ ಪೂರ್ಣ ಶಕ್ತಿಯಲ್ಲಿ ಸುಮಾರು 200 ಬೆಳಕುಗಳು ದೊರೆತರೆ, ಕಾಲು ಶಕ್ತಿಯಲ್ಲಿ 800ರ ಆಸುಪಾಸಿನಲ್ಲಿ ದೊರೆಯುತ್ತವೆ. ಎಡೆಬಿಡದೆ ಪೂರ್ಣ ಶಕ್ತಿಯಲ್ಲಿ ಬಳಸಿದ ಫ್ಲ್ಯಾಷ್ ಬಿಸಿಯಾಗಿ, ರಕ್ಷಣೆಗಾಗಿ ತಾನೇ ನಿಧಾನಗೊಳ್ಳುತ್ತದೆ ಅಥವಾ ಕೆಲಕಾಲ ನಿಲ್ಲುತ್ತದೆ. ಕಾಲು ಶಕ್ತಿಯ ನಿಯಮವನ್ನು ಪಾಠದ ಮೊದಲಿಗೇ ಹೇಳಲು ಈ ಎಲ್ಲ ಕಾರಣಗಳಿವೆ.

ಬ್ಯಾಟರಿಗಳ ವಿಷಯದಲ್ಲಿ ಗಮನಿಸಬೇಕಾದ ಅಂಶಗಳು:

• ಎಎ ಸೆಲ್ ಬಳಸುವುದಾದರೆ ಮರುಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳನ್ನೇ ಕೊಳ್ಳಬೇಕು. ಕನಿಷ್ಠ ಮೂರು ಜೊತೆ, ಅಂದರೆ 12 ಸೆಲ್‌ಗಳು ಇರಬೇಕು. ಬಳಸಿ ಎಸೆಯುವ ಆಲ್ಕಲೈನ್ ಸೆಲ್‌ಗಳು ನಿಧಾನವಾಗಿ ಶಕ್ತಿ ನೀಡುವುದರಿಂದ ಅವು ತುರ್ತು ಸಂದರ್ಭಕ್ಕೆ ಮಾತ್ರ.

• ಹಳೆಯ ಮತ್ತು ಹೊಸ ಸೆಲ್‌ಗಳನ್ನು ಬೆರೆಸಬಾರದು. ಪ್ರತಿ ಜೊತೆಗೂ ಗುರುತು ಹಾಕಿ ಒಟ್ಟಿಗೇ ಚಾರ್ಜ್ ಮಾಡಬೇಕು.

• ಲಿಥಿಯಂ ಅಯಾನ್ ಬ್ಯಾಟರಿ ಇರುವ ಮಾದರಿಗಳು ಪೂರ್ಣ ಶಕ್ತಿಯಲ್ಲಿಯೂ ಸುಮಾರು ಒಂದೂವರೆ ಸೆಕೆಂಡಿನಲ್ಲಿ ಸಿದ್ಧವಾಗುತ್ತವೆ, ಹೆಚ್ಚು ಬೆಳಕುಗಳನ್ನೂ ನೀಡುತ್ತವೆ. ಆದರೆ ಆ ಬ್ಯಾಟರಿ ಹಳ್ಳಿಯ ಅಂಗಡಿಯಲ್ಲಿ ದೊರೆಯುವುದಿಲ್ಲ. ಎರಡನೆಯ ಬ್ಯಾಟರಿಯನ್ನು ಫ್ಲ್ಯಾಷ್ ಜೊತೆಯಲ್ಲಿಯೇ ಕೊಳ್ಳಬೇಕು.

• ವಿದ್ಯುತ್ ವ್ಯತ್ಯಯ ಸಂಭವಿಸುವುದರಿಂದ ಎಲ್ಲ ಬ್ಯಾಟರಿಗಳೂ ಮದುವೆಯ ಹಿಂದಿನ ದಿನವೇ ಪೂರ್ಣ ಚಾರ್ಜ್ ಆಗಿರಬೇಕು.

6. ಸ್ವಯಂಚಾಲಿತವೋ, ಮ್ಯಾನುಯಲ್ಲೋ

ಟಿಟಿಎಲ್ ಸೌಲಭ್ಯವುಳ್ಳ ಫ್ಲ್ಯಾಷ್, ಲೆನ್ಸಿನ ಮೂಲಕ ಬಂದ ಬೆಳಕನ್ನು ಕ್ಯಾಮೆರಾ ಅಳೆದಂತೆ ತನ್ನ ಶಕ್ತಿಯನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಮ್ಯಾನುಯಲ್ ಫ್ಲ್ಯಾಷ್‌ನಲ್ಲಿ ಛಾಯಾಗ್ರಾಹಕನೇ ಶಕ್ತಿಯನ್ನು ಪ್ರತಿ ಬಾರಿ ನಿಗದಿಪಡಿಸಬೇಕು. ಮ್ಯಾನುಯಲ್ ಅಗ್ಗ, ದೂರ ಬದಲಾಗದ ವೇದಿಕೆಯ ಗುಂಪು ಚಿತ್ರಗಳಿಗೆ ಅದು ಸಾಕಷ್ಟೇ ಅಲ್ಲ, ಉತ್ತಮವೂ ಹೌದು. ಆದರೆ ದಿಬ್ಬಣದ ಸ್ವಾಗತದಲ್ಲಿ, ಧಾರೆಯಲ್ಲಿ, ಸಪ್ತಪದಿಯಲ್ಲಿ ದೂರವು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಅಲ್ಲಿ ಟಿಟಿಎಲ್ ಇಲ್ಲದಿದ್ದರೆ ತಪ್ಪುವ ಚಿತ್ರಗಳ ಸಂಖ್ಯೆ ಹೆಚ್ಚು. ಆದುದರಿಂದ ಕ್ಯಾಮೆರಾದ ಮೇಲೆ ಕೂರುವ ಮೊದಲ ಫ್ಲ್ಯಾಷ್ ಟಿಟಿಎಲ್ ಆಗಿರಲಿ. ಸ್ಟ್ಯಾಂಡಿನ ಮೇಲಿಡುವ ಎರಡನೆಯದು ಮ್ಯಾನುಯಲ್ ಆಗಿದ್ದರೂ ನಡೆಯುತ್ತದೆ.

ಟಿಟಿಎಲ್ ಕೂಡ ಮೋಸಹೋಗುವುದುಂಟು. ವರನು ಬಿಳಿ ಪಂಚೆ, ಬಿಳಿ ಶಲ್ಯ ಧರಿಸಿ ಚಿತ್ರದ ತುಂಬ ನಿಂತಾಗ ಕ್ಯಾಮೆರಾ ಬೆಳಕು ಹೆಚ್ಚಾಯಿತೆಂದು ಭಾವಿಸಿ ಫ್ಲ್ಯಾಷ್ ತಗ್ಗಿಸುತ್ತದೆ, ಮುಖ ಕಪ್ಪಾಗುತ್ತದೆ. ರಾತ್ರಿಯ ಕತ್ತಲ ಹಿನ್ನೆಲೆಯಲ್ಲಿ ಇದಕ್ಕೆ ವಿರುದ್ಧವಾಗಿ ಬೆಳಕು ಹೆಚ್ಚಿಸುತ್ತದೆ, ಮುಖ ಬಿಳಚಿಕೊಳ್ಳುತ್ತದೆ. ಮೊದಲನೆಯ ಸಂದರ್ಭದಲ್ಲಿ ಫ್ಲ್ಯಾಷ್ ಪರಿಹಾರ ಮೌಲ್ಯವನ್ನು ಸ್ವಲ್ಪ ಏರಿಸಬೇಕು, ಎರಡನೆಯದರಲ್ಲಿ ಇಳಿಸಬೇಕು. ಈ ಗುಂಡಿ ಎಲ್ಲಿದೆ ಎಂಬುದು ಕತ್ತಲಲ್ಲಿಯೂ ಬೆರಳಿಗೆ ತಿಳಿದಿರಬೇಕು.

7. ಕ್ಯಾಮೆರಾಕ್ಕೆ ಹೊಂದಿಕೆ

ಫ್ಲ್ಯಾಷ್ ಕೂರುವ ಜಾಗಕ್ಕೆ ಹಾಟ್ ಶೂ ಎನ್ನುತ್ತಾರೆ. ಕ್ಯಾನನ್, ನಿಕಾನ್, ಸೋನಿ ಕಂಪನಿಗಳ ಕ್ಯಾಮೆರಾಗಳಲ್ಲಿ ಟಿಟಿಎಲ್ ಸಂಕೇತಗಳು ಬೇರೆ ಬೇರೆಯಾಗಿವೆ. ಒಂದು ಕಂಪನಿಯ ಕ್ಯಾಮೆರಾಕ್ಕೆಂದು ತಯಾರಾದ ಫ್ಲ್ಯಾಷ್ ಇನ್ನೊಂದರ ಮೇಲೆ ಕುಳಿತರೂ ಟಿಟಿಎಲ್ ಕೆಲಸ ಮಾಡುವುದಿಲ್ಲ. ಕೆಲವು ಆರಂಭಿಕ ದರ್ಜೆಯ ಕ್ಯಾಮೆರಾಗಳ ಹಾಟ್ ಶೂವಿನಲ್ಲಿ ನಡುವಿನ ಸಂಪರ್ಕ ಬಿಂದುವನ್ನೇ ಕೈಬಿಡಲಾಗಿದೆ. ಅವುಗಳ ಮೇಲೆ ಅಗ್ಗದ ಮ್ಯಾನುಯಲ್ ಫ್ಲ್ಯಾಷ್ ಬೆಳಗುವುದೇ ಇಲ್ಲ. ಸ್ವಂತ ಕ್ಯಾಮೆರಾವನ್ನು ಅಂಗಡಿಗೆ ಕೊಂಡೊಯ್ದು, ಕೂರಿಸಿ, ಬೆಳಗಿಸಿ ನೋಡದೆ ಹಣ ಕೊಡಬಾರದು.

ಹಳೆಯ ಸ್ಟುಡಿಯೊಗಳಲ್ಲಿ ಉಳಿದಿರುವ ಫಿಲ್ಮ್ ಕಾಲದ ಫ್ಲ್ಯಾಷ್‌ಗಳನ್ನು ಉಚಿತವಾಗಿ ಕೊಟ್ಟರೂ ಡಿಜಿಟಲ್ ಕ್ಯಾಮೆರಾದ ಮೇಲೆ ನೇರವಾಗಿ ಕೂರಿಸಬಾರದು. ಅವುಗಳಲ್ಲಿ ಕೆಲವು ಸಂಪರ್ಕ ಬಿಂದುವಿನಲ್ಲಿ 200 ವೋಲ್ಟ್‌ಗೂ ಮಿಕ್ಕಿದ ವಿದ್ಯುತ್ತನ್ನು ಹೊಂದಿರುತ್ತವೆ. ಕ್ಯಾಮೆರಾದ ಸೂಕ್ಷ್ಮ ಭಾಗಗಳು ಇದರಿಂದ ಸುಟ್ಟುಹೋಗುವ ಸಾಧ್ಯತೆ ಇದೆ.

ಫ್ಲ್ಯಾಷ್‌ನ ತಲೆ ನೇರ ಮೇಲಕ್ಕೂ, ಎಡಬಲಗಳಿಗೂ ಪೂರ್ತಿ ತಿರುಗುವಂತಿರಬೇಕು. ಮೇಲಕ್ಕೆ ಮಾತ್ರ ಬಾಗುವ ಮಾದರಿಯಲ್ಲಿ, ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದ ಕೂಡಲೇ ಬೌನ್ಸ್ ತಪ್ಪುತ್ತದೆ. ವಧುವಿನ ಒಬ್ಬಂಟಿ ಚಿತ್ರಗಳು ಬಹುತೇಕ ಉದ್ದ ಚಿತ್ರಗಳೇ ಆಗಿರುತ್ತವೆ.

8. ಖರೀದಿ, ತರಬೇತಿ ಮತ್ತು ಸಾಲ

ಕ್ಯಾಮೆರಾ ಕಂಪನಿಯ ಸ್ವಂತ ಫ್ಲ್ಯಾಷ್‌ನ ಬೆಲೆಗೆ ಇತರ ತಯಾರಕರ ಎರಡು ಟಿಟಿಎಲ್ ಫ್ಲ್ಯಾಷ್‌ಗಳು ಅನೇಕ ವೇಳೆ ದೊರೆಯುತ್ತವೆ. ಒಂದೇ ಉಪಕರಣವನ್ನು ನೆಚ್ಚಿ ಮದುವೆಗೆ ಹೋಗುವುದು ಅಪಾಯಕರವಾದ್ದರಿಂದ, ಆರಂಭದ ಹಂತದಲ್ಲಿ ಎರಡು ಸಾಧಾರಣ ಫ್ಲ್ಯಾಷ್‌ಗಳ ಯೋಜನೆಯೇ ವಿವೇಕದ್ದು. ಜಿಎಸ್‌ಟಿ ಸಹಿತ ಬಿಲ್ಲು, ವಾರಂಟಿ ಪತ್ರ ಮತ್ತು ದುರಸ್ತಿ ಕೇಂದ್ರದ ವಿಳಾಸ ಪಡೆಯತಕ್ಕದ್ದು. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಪೂರ್ಣ ಶಕ್ತಿಯಲ್ಲಿ ಸುಮಾರು ಹತ್ತು ಬಾರಿ ಬೆಳಗಿಸಿ, ಪ್ರತಿ ಬಾರಿಯೂ ಸಿದ್ಧವಾಗುವ ಸಮಯವನ್ನು ಮೊಬೈಲ್ ಗಡಿಯಾರದಲ್ಲಿ ಅಳೆಯಬೇಕು. ಸೆಲ್ ಕೋಣೆಯಲ್ಲಿ ಕಿಲುಬು, ಬುಡದಲ್ಲಿ ಬಿರುಕು ಇದೆಯೇ ಎಂದು ನೋಡಬೇಕು.

ಉಪಕರಣಕ್ಕಿಂತ ಮೊದಲು ತರಬೇತಿ. ಧರ್ಮಸ್ಥಳದ ಶ್ರೀ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್‌ಗಳ ಆಶ್ರಯದಲ್ಲಿ 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ದೇಶದ ಜಿಲ್ಲೆಗಳಲ್ಲಿ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳು ಸ್ಥಾಪನೆಯಾಗಿವೆ. ಈ ಸಂಸ್ಥೆಗಳ ಪಠ್ಯಕ್ರಮದಲ್ಲಿ ಛಾಯಾಗ್ರಹಣ ಮತ್ತು ವಿಡಿಯೊ ಚಿತ್ರೀಕರಣವೂ ಸೇರಿದ್ದು, ತರಬೇತಿ, ಊಟ ಮತ್ತು ವಸತಿ ಉಚಿತವಾಗಿರುತ್ತವೆ. ಮುಂದಿನ ತಂಡದ ದಿನಾಂಕವನ್ನು ಜಿಲ್ಲೆಯ ಸಂಸ್ಥೆಯಿಂದ ತಿಳಿದು ಯುವಕ ಯುವತಿಯರಿಗೆ ತಿಳಿಸುವುದು ಸದಸ್ಯರ ಕರ್ತವ್ಯವೆಂದು ಭಾವಿಸಬೇಕು. ವಧುವಿನ ಅಲಂಕಾರದ ಕೋಣೆಯ ಚಿತ್ರಗಳಿಗೆ ಮಹಿಳಾ ಛಾಯಾಗ್ರಾಹಕರೇ ಬೇಕೆಂದು ಬಯಸುವ ಕುಟುಂಬಗಳಿವೆ. ಸಂಜೀವಿನಿ ಒಕ್ಕೂಟದ ಸಭೆಗಳಲ್ಲಿ ಈ ಅವಕಾಶವನ್ನು ಪ್ರಸ್ತಾಪಿಸಬಹುದು.

2015ರಲ್ಲಿ ಜಾರಿಗೆ ಬಂದ ಪ್ರಧಾನ ಮಂತ್ರಿ ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ ರೂ. 50,000ದವರೆಗೆ, ಕಿಶೋರ ವರ್ಗದಲ್ಲಿ ರೂ. 5 ಲಕ್ಷದವರೆಗೆ ಆಧಾರವಿಲ್ಲದೆ ಸಾಲಕ್ಕೆ ಅವಕಾಶವಿದೆ. ಮಂಜೂರಾತಿ ಬ್ಯಾಂಕ್‌ನ ತೀರ್ಮಾನಕ್ಕೆ ಒಳಪಟ್ಟಿರುತ್ತದೆ.

ಕಂತಿನ ಲೆಕ್ಕವನ್ನು ಮೊದಲೇ ಮಾಡಬೇಕು. ಉದಾಹರಣೆಗಾಗಿ, ರೂ. 40,000 ಸಾಲವನ್ನು ಶೇ. 12ರ ಬಡ್ಡಿಯಲ್ಲಿ 24 ತಿಂಗಳಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು ರೂ. 1,883 ಆಗುತ್ತದೆ. ಆಷಾಢ ಮಾಸದಲ್ಲಿ, ಧನುರ್ಮಾಸದಲ್ಲಿ ಮತ್ತು ಪಿತೃಪಕ್ಷದಲ್ಲಿ ಮದುವೆಗಳು ನಡೆಯುವುದಿಲ್ಲ. ಆ ಅವಧಿಯ ಕಂತುಗಳನ್ನು ಲಗ್ನದ ದಿನಗಳ ಸಂಪಾದನೆಯಿಂದ ತೆಗೆದಿರಿಸದಿದ್ದರೆ ಮೊದಲ ವರ್ಷದಲ್ಲಿಯೇ ಸಾಲ ಸುಸ್ತಿಯಾಗುವ ಸಂಭವವಿದೆ. ಅರ್ಜಿದಾರರೊಂದಿಗೆ ಕುಳಿತು ಪಂಚಾಂಗ ಮುಂದಿಟ್ಟುಕೊಂಡು ಈ ಲೆಕ್ಕ ಹಾಕುವುದು ಸದಸ್ಯರು ಮಾಡಬಹುದಾದ ದೊಡ್ಡ ಸಹಾಯ.

9. ಗ್ರಾಮ ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

ಫ್ಲ್ಯಾಷ್ ಕೊಳ್ಳುವವರು ಛಾಯಾಗ್ರಾಹಕರು. ಬೆಳಕು ತಾಗುವ ಛಾವಣಿ ಮತ್ತು ಗೋಡೆಗಳು ಪಂಚಾಯಿತಿಯ ವಶದಲ್ಲಿವೆ. ಸಮುದಾಯ ಭವನವನ್ನು ಮದುವೆಗೆ ಬಾಡಿಗೆ ನೀಡುವ ಪಂಚಾಯಿತಿಗಳು ಮುಂದಿನ ಸುಣ್ಣಬಣ್ಣದ ಸಂದರ್ಭದಲ್ಲಿ ಈ ಕೆಳಗಿನ ಅಂಶಗಳನ್ನು ಕ್ರಿಯಾ ಯೋಜನೆಯಲ್ಲಿ ಪರಿಗಣಿಸಬಹುದು.

• ಒಳಛಾವಣಿಗೆ ಹೊಳಪಿಲ್ಲದ ಬಿಳಿ ಬಣ್ಣ ಬಳಿಸುವುದು. ಹಸಿರು, ಗುಲಾಬಿ ಅಥವಾ ನೀಲಿ ಛಾವಣಿಯಿಂದ ಹಿಂದಿರುಗಿದ ಬೆಳಕು ಮುಖಗಳಿಗೆ ಅದೇ ಬಣ್ಣ ಬಳಿಯುತ್ತದೆ.

• ವೇದಿಕೆಯ ಹಿಂಗೋಡೆಗೆ ಹೊಳೆಯುವ ಟೈಲ್ಸ್ ಹಾಕಿಸದಿರುವುದು. ಫ್ಲ್ಯಾಷ್‌ನ ಪ್ರತಿಬಿಂಬ ಅದರಲ್ಲಿ ಬಿಳಿ ಮಚ್ಚೆಯಾಗಿ ಮೂಡುತ್ತದೆ.

• ಸಭಾಂಗಣಕ್ಕೆಲ್ಲ ಒಂದೇ ಬಣ್ಣದ ಎಲ್‌ಇಡಿ ದೀಪಗಳನ್ನು ಅಳವಡಿಸುವುದು. ಕೆಟ್ಟ ದೀಪ ಬದಲಿಸುವಾಗಲೂ ಅದೇ ಬಣ್ಣದ್ದನ್ನೇ ಹಾಕಿಸುವುದು.

• ವೇದಿಕೆಯ ಎರಡೂ ಪಕ್ಕ ಅರ್ಥಿಂಗ್ ಇರುವ ಪ್ಲಗ್ ಪಾಯಿಂಟ್ ಒದಗಿಸುವುದು. ಚಾರ್ಜರ್‌ಗಳಿಗಾಗಿ ಜನರ ಕಾಲಡಿಯಲ್ಲಿ ವೈರ್ ಎಳೆಯುವುದು ಇದರಿಂದ ತಪ್ಪುತ್ತದೆ.

• ಸತ್ತ ಸೆಲ್ ಮತ್ತು ಬ್ಯಾಟರಿಗಳಿಗೆ ಭವನದಲ್ಲಿ ಪ್ರತ್ಯೇಕ ಡಬ್ಬಿ ಇರಿಸಿ, ಘನ ತ್ಯಾಜ್ಯ ನಿರ್ವಹಣಾ ಘಟಕದಲ್ಲಿ ಬೇರೆಯಾಗಿ ಸಂಗ್ರಹಿಸುವುದು. ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳು, 2022ರ ಆಶಯವೂ ಇದೇ ಆಗಿದೆ. ಇವುಗಳನ್ನು ಸುಡಬಾರದು.

ಬಣ್ಣ ಹೇಗೂ ಬಳಿಸಬೇಕಾಗಿದ್ದಾಗ ಬಿಳಿಯನ್ನು ಆರಿಸಲು ಹೆಚ್ಚುವರಿ ವೆಚ್ಚವಿಲ್ಲ. ಚಿತ್ರಗಳು ಚೆನ್ನಾಗಿ ಬರುವ ಭವನಕ್ಕೆ ಬೇಡಿಕೆ ಹೆಚ್ಚಿದರೆ ಪಂಚಾಯಿತಿಯ ಸ್ವಂತ ಸಂಪನ್ಮೂಲಕ್ಕೂ ಅನುಕೂಲ.

10. ಸಲಹೆ ಕೇಳಿ ಬಂದವರಿಗೆ ಕೇಳಬೇಕಾದ ಪ್ರಶ್ನೆಗಳು

(1) ಹೆಚ್ಚಿನ ಕೆಲಸ ಯಾವ ಬಗೆಯ ಸ್ಥಳದಲ್ಲಿ? ಅಲ್ಲಿನ ಛಾವಣಿಯ ಎತ್ತರ ಮತ್ತು ಬಣ್ಣವೇನು?

(2) ಕೊಳ್ಳಲಿರುವ ಫ್ಲ್ಯಾಷ್‌ನ ಗೈಡ್ ನಂಬರ್ 35 ಮಿ.ಮೀ.ನಲ್ಲಿ ಎಷ್ಟು? ಆ ಸ್ಥಳಕ್ಕೆ ಕಾಲು ಶಕ್ತಿ ಸಾಕಾಗುವುದೇ?

(3) ನಿಮ್ಮದೇ ಕ್ಯಾಮೆರಾದ ಮೇಲೆ ಟಿಟಿಎಲ್ ಸಹಿತ ಬೆಳಗಿಸಿ ನೋಡಿದ್ದೀರಾ? ತಲೆ ಎಲ್ಲ ದಿಕ್ಕಿಗೂ ತಿರುಗುವುದೇ?

(4) ಮುಹೂರ್ತದ ವೇಳೆಗೆ ಈ ಫ್ಲ್ಯಾಷ್ ಕೆಟ್ಟರೆ ಎರಡನೆಯದು ಚೀಲದಲ್ಲಿದೆಯೇ? ಬ್ಯಾಟರಿಗಳು ಎಷ್ಟು ಜೊತೆ ಇವೆ?

(5) ಮದುವೆಗಳಿಲ್ಲದ ತಿಂಗಳುಗಳ ಕಂತಿಗೆ ಹಣ ಎಲ್ಲಿಂದ?

ಈ ಐದಕ್ಕೂ ಸ್ಪಷ್ಟ ಉತ್ತರ ನೀಡಬಲ್ಲ ಅರ್ಜಿದಾರರನ್ನು ಸದಸ್ಯರು ವಿಶ್ವಾಸದಿಂದ ಬ್ಯಾಂಕ್ ಶಾಖೆಗೆ ಪರಿಚಯಿಸಬಹುದು. ಉತ್ತರ ಇಲ್ಲದವರನ್ನು ನಿರಾಶರನ್ನಾಗಿಸದೆ, ಮೊದಲು ತರಬೇತಿಗೆ ಕಳುಹಿಸಿ, ಅನುಭವಿ ಛಾಯಾಗ್ರಾಹಕರೊಬ್ಬರ ಜೊತೆಯಲ್ಲಿ ಕೆಲವು ಮದುವೆಗಳಲ್ಲಿ ಸಹಾಯಕರಾಗಿ ದುಡಿದ ನಂತರ ಪುನಃ ಬರುವಂತೆ ತಿಳಿಸತಕ್ಕದ್ದು. ಸಮುದಾಯ ಭವನಕ್ಕೆ ಸಂಬಂಧಿಸಿದ ಒಂಬತ್ತನೆಯ ಭಾಗದ ಅಂಶಗಳನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಚರ್ಚೆಗೆ ಮಂಡಿಸುವುದು ಸೂಕ್ತ.